ಕ್ವಾರಿ ಅಗಲ ಮಾಡಿದ ಮೇಲೆ ಬಂಡೆ ಜಾರ್ತಿದೆ, ಏನು ಮಾಡೋದು?

ಪ್ರಶ್ನೆ: ಸರ್, ತೀರ್ಥಹಳ್ಳಿ ಕಡೆ ನಮ್ಮದೊಂದು ಜಲ್ಲಿ ಕ್ವಾರಿ. ಪೂರ್ವದ ಗೋಡೆ ಹತ್ತು ವರ್ಷದಿಂದ ಅಲ್ಲಾಡಿಲ್ಲ. ಈ ಸಲ ಪಶ್ಚಿಮಕ್ಕೆ ಅಗಲ ಮಾಡಿದ್ವಿ. ಅದೇ ಬಂಡೆ, ಅದೇ ಎತ್ತರ. ಆದರೂ ಮೊನ್ನೆ ಮಳೆಗೆ ಲಾರಿಯಷ್ಟು ದೊಡ್ಡ ತುಂಡು ಜಾರಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಮೇಲೆ ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ ಬೆರಳು ತೂರುವಷ್ಟು ಬಿರುಕು ಬಿಟ್ಟಿದೆ. ಸಿಮೆಂಟ್ ತುಂಬಿದರೆ ಸಾಕಾ?

ಉತ್ತರ: ಸಿಮೆಂಟ್ ಮಾತು ಆಮೇಲೆ. ಆ ಗೋಡೆ ಬುಡದಿಂದ ಜನರನ್ನೂ ಹಿಟಾಚಿಯನ್ನೂ ಇವತ್ತೇ ಹೊರಗೆ ತನ್ನಿ.

ಬಂಡೆ ಅದೇ ಇರಬಹುದು, ಆದರೆ ಅದರೊಳಗಿನ ಸೀಳುಗಳು ಯಾವ ಕಡೆ ವಾಲಿವೆ ನೋಡಿ. ಪೂರ್ವಕ್ಕೆ ಇಳಿಜಾರಾಗಿದ್ದರೆ, ಪೂರ್ವದ ಗೋಡೆಯಲ್ಲಿ ಅವು ಗುಡ್ಡದೊಳಕ್ಕೆ ಹೋಗುತ್ತವೆ, ತೊಂದರೆಯಿಲ್ಲ. ಪಶ್ಚಿಮದ ಗೋಡೆಯಲ್ಲಿ ಅದೇ ಸೀಳು ಗುಂಡಿಯ ಕಡೆ ಬಾಯಿ ತೆರೆಯುತ್ತದೆ. ಮೇಲಿನ ಚಪ್ಪಡಿಗೆ ಕೆಳಗೆ ಆಸರೆಯೇ ಇರುವುದಿಲ್ಲ. ಜಾರಿಬಿದ್ದ ತುಂಡಿನ ಅಡಿಭಾಗ ಬೆರಳಲ್ಲಿ ಉಜ್ಜಿ. ಕೆಂಪು ಜೇಡಿ ನುಣ್ಣಗೆ ಅಂಟಿಕೊಂಡರೆ, ಜಾರಿದ್ದು ಅದರ ಮೇಲೇ.

ಇನ್ನು ನೀರು. 4 ಮೀಟರ್ ಆಳದ ಬಿರುಕಲ್ಲಿ ನೀರು ತುಂಬಿದರೆ, ಪ್ರತಿ ಮೀಟರ್ ಉದ್ದಕ್ಕೆ ಸುಮಾರು 8 ಟನ್ ಬಲದಲ್ಲಿ ಬಂಡೆಯನ್ನು ಹೊರಕ್ಕೆ ತಳ್ಳುತ್ತದೆ. ನಮ್ಮ ಮಲೆನಾಡಿನ ಆಷಾಢದ ಮಳೆಗೆ ಅದು ತುಂಬಲು ಎಷ್ಟು ಹೊತ್ತು ಬೇಕು? ಗೋಡೆಯ ಮುಖಕ್ಕೆ ಸಿಮೆಂಟ್ ಮೆತ್ತಿದರೆ ಹಿಂದಿನಿಂದ ಬರುವ ನೀರು ಒಳಗೇ ಕಟ್ಟಿಕೊಳ್ಳುತ್ತದೆ. ಬಿರುಕಿನ ಬಾಯಿಗೆ ಸಿಮೆಂಟ್ ಬದಲು ಜೇಡಿಮಣ್ಣು ಗಿಡಿದು, ಅದರ ಹಿಂದೆ ತೋಟಕ್ಕೆ ತೆಗೆದಂತೆ ಬಸಿಗಾಲುವೆ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ಗೋಡೆ ಭದ್ರವಾದ ಮೇಲೆ ಬುಡದಲ್ಲಿ ಒಳಗಡೆಗೆ ಸ್ವಲ್ಪ ಏರುವಂತೆ ತೂತು ಕೊರೆಸಿ, ನೀರು ಹೊರಗೆ ಬಸಿಯಲಿ.

ಗಟ್ಟಿ ಬಂಡೆಯಲ್ಲಿ ಬೆಂಚಿನ, ಅಂದರೆ ಗೋಡೆಯಲ್ಲಿ ಕಡಿದ ಒಂದೊಂದು ಮೆಟ್ಟಿಲಿನ, ಎತ್ತರ 6 ಮೀಟರ್ ದಾಟಬಾರದು, ಅಂಚಿನಿಂದ 3 ಮೀಟರ್ ಒಳಗೆ ಮರ, ಸಡಿಲ ಕಲ್ಲು ಇರಬಾರದು ಎಂದು 1961ರ ಮೆಟಲಿಫೆರಸ್ ಮೈನ್ಸ್ ರೆಗ್ಯುಲೇಷನ್ಸ್ ಎಂಬ ಗಣಿ ನಿಯಮಾವಳಿ ಹೇಳುತ್ತದೆ. ಆದರೆ ಸೀಳು ಗುಂಡಿಯ ಕಡೆ ವಾಲಿದ್ದರೆ 6 ಮೀಟರೂ ಹೆಚ್ಚೇ. ಅಲ್ಲಿ ಗೋಡೆಯನ್ನು ಸೀಳಿನ ಓರೆಗೇ ಇಳಿಸಬೇಕು. ಸ್ವಲ್ಪ ಕಲ್ಲು ಕೈಬಿಟ್ಟರೂ ಪರವಾಗಿಲ್ಲ.

ಪ್ರಶ್ನೆ: ಬಿರುಕು ಇನ್ನೂ ಅಗಲವಾಗ್ತಿದೆಯಾ ಅಂತ ತಿಳಿಯೋದು ಹೇಗೆ ಸರ್?

ಉತ್ತರ: ಎರಡೂ ಬದಿಗೆ ಒಂದೊಂದು ಕಬ್ಬಿಣದ ಗೂಟ ಹೊಡೆಸಿ. ದಿನಾ ಬೆಳಿಗ್ಗೆ ಒಬ್ಬರೇ, ಹಿಂದಿನ ಗಟ್ಟಿ ನೆಲದಲ್ಲೇ ನಿಂತು ಟೇಪಲ್ಲಿ ಅಳೆದು ಪುಸ್ತಕದಲ್ಲಿ ಬರೆಯಲಿ. ಮಳೆಯನ್ನೂ ಪಕ್ಕದಲ್ಲೇ ಬರೆಯಲಿ. ಬಿರುಕು ಅಗಲವಾಗಿದ್ದು ನಿನ್ನೆ 1 ಮಿ.ಮೀ., ಇವತ್ತು 2, ನಾಳೆ 4 ಅಂತ ಏರುತ್ತಿದ್ದರೆ ಅಳೆಯೋಕೂ ಹೋಗಬೇಡಿ. ಅದು ಬಿದ್ದೇ ಬೀಳುತ್ತದೆ.