ಸಹಾಯ ಬೇಕು: ದೇವಣಿ ಕರ ಮೈ ಹಿಡೀವಲ್ದು

ನಮಸ್ಕಾರ್ರಿ, ನಮ್ದು ಭಾಲ್ಕಿ ಕಡಿ ಹಳ್ಳಿ. ಐದ್ ತಿಂಗಳ ದೇವಣಿ ತಳಿ ಹೋರಿಗರ ಅದ, ಮೈ ಬಿಳಿ ಮಾರಿ ಕರಿ, ವಾನೆರಾ ಅಂತೀವಲ್ಲ ಅದು. ಎರಡನೇ ತಿಂಗಳದಾಗ ಭೇದಿ ಹತ್ತಿ ಒಂದ್ ವಾರ ಆಂಟಿಬಯೋಟಿಕ್ ಕೊಟ್ವಿ, ಭೇದಿ ನಿಂತ್ತು ಖರೆ, ಆದ್ರ ಆವತ್ತಿಂದ ಬೆಳಿಲಿಕ್ಕೇ ಒಲ್ಲದು, ಕೂದ್ಲ ಒರಟ ಆಗ್ಯಾವ, ಸಗಣ್ಯಾಗ ಕಣಕಿ (ಜ್ವಾಳದ ಒಣ ದಂಟು) ತುಂಡ ಹಾಂಗೇ ಬರ್ಲತ್ತಾವ. ಜಂತಿನ ಔಷಧ ಕುಡ್ಸೀವಿ.

ಕಣಕಿ ಅರಗಸೋವು ಹೊಟ್ಯಾಗಿನ ಸೂಕ್ಷ್ಮಜೀವಿಗೋಳು, ಆಂಟಿಬಯೋಟಿಕ್‌ಗೆ ಅವೂ ಸಾಯ್ತಾವ, ಅದಕ್ಕೇ ಹಿಂಗಾಗ್ಯದೇನ್ರಿ? ಆ ಜೀವಿಗೋಳು ಮತ್ತ ಬರ್ಲಿ ಅಂತ ಆರಾಮಿರೋ ಆಕಳ ಮೆಲಕಚೀಲದ (ಮೇವು ಅರಗೋ ಹೊಟ್ಟಿ) ರಸ ತೆಗ್ದು ಕುಡಸ್ತಾರಲ್ಲ, ಇಷ್ಟ್ ಸಣ್ಣ ಕರಕ್ಕ ನಡೀತದೇನು? ಬೀದರ ವೆಟರ್ನರಿ ಕಾಲೇಜಿಗಿ ಯಾರರ ಕರ ಒಯ್ದು ಮಾಡಿಸ್ಕೊಂಡೀರೇನು? ತೊಗರಿ ಹೊಟ್ಟು ಎಷ್ಟ್ ಹಾಕ್ಬೇಕು ಅದೂ ಹೇಳ್ರಿ. ಇದರವ್ವ ನಮ್ಮನ್ಯಾಗೇ ಹುಟ್ಟಿದ ಆಕಳ್ರಿ, ಕರ ಹಿಂಗ್ ನಿಂತಿದ್ದು ನೋಡ್ಲಿಕ್ಕ ಆಗವಲ್ದು.