ಪದಚರ್ಚೆ: ‘ಶೀಘ್ರಸ್ಖಲನ’ಕ್ಕೆ ನಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಸಿಂಧನೂರು ಕಡೆಯ ಆರೋಗ್ಯ ಕೇಂದ್ರಗಳಲ್ಲಿ ಹಂಚಲಿಕ್ಕೆ ಗಂಡಸರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ತಲೆಬರಹದಲ್ಲೇ ಪೆನ್ನು ನಿಂತಿದೆ.

ವಿಷಯ, ಕೂಡುವಾಗ ಬೇಕಾದುದಕ್ಕಿಂತ ಬೇಗ ವೀರ್ಯ ಹೊರಬಂದುಬಿಡುವುದು. ಅದಕ್ಕೆ ಪುಸ್ತಕದ ಪದ ‘ಶೀಘ್ರಸ್ಖಲನ’. ಸಂಸ್ಕೃತದ ‘ಸ್ಖಲ್’ ಅಂದರೆ ಎಡವು, ಜಾರು, ತಪ್ಪು. ಅಚ್ಚಿನ ತಪ್ಪಿಗೆ ‘ಮುದ್ರಣ ಸ್ಖಾಲಿತ್ಯ’ ಅನ್ನುತ್ತೇವಲ್ಲ, ಅದೂ ಇದೇ ಬೇರಿನದು. ವೀರ್ಯ ಹೊರಬರುವ ಸಹಜ ಕ್ರಿಯೆಯ ಹೆಸರಿನಲ್ಲೇ ಒಂದು ತಪ್ಪು ಕೂತಿರುವುದು ನನ್ನನ್ನು ಕಾಡುತ್ತಿದೆ. ಯುನಾನಿ ವೈದ್ಯದ ಉರ್ದು ಹೆಸರು ನೋಡಿ: ‘ಸುರಅತ್-ಎ-ಇನ್ಜಾಲ್’. ಸುರಅತ್ ಅಂದರೆ ವೇಗ, ಇನ್ಜಾಲ್ ಅಂದರೆ ಇಳಿಸುವುದು. ಯಾರ ಮೇಲೂ ದೂರಿಲ್ಲ. 1948ರವರೆಗೆ ನಿಜಾಮರ ಸೀಮೆಯಾಗಿದ್ದ ರಾಯಚೂರು, ಕೊಪ್ಪಳದ ಕನ್ನಡದಲ್ಲಿ ಉರ್ದು ಮಾತು ಬೇಕಾದಷ್ಟಿವೆ. ಆದರೆ ಈ ವಿಷಯದಲ್ಲಿ ನನ್ನ ಕಿವಿಗೆ ಬಿದ್ದಿರುವುದು ‘ಕಮಜೋರಿ’ (ನಿಶ್ಶಕ್ತಿ) ಒಂದೇ.

ಇನ್ನು ಗೋಡೆಬರಹದ ‘ಗುಪ್ತರೋಗ’, ‘ನರದೌರ್ಬಲ್ಯ’. ಮೊದಲನೆಯದರಲ್ಲಿ ಲೈಂಗಿಕವಾಗಿ ಹರಡುವ ಸೋಂಕುಗಳೂ ಸೇರಿಬಿಡುತ್ತವೆ. ಎರಡನೆಯದಂತೂ ದೊಡ್ಡ ಚೀಲ: ನಿಮಿರದಿರುವುದು, ಸ್ವಪ್ನಸ್ಖಲನ, ಮೂತ್ರದಲ್ಲಿ ‘ಧಾತು ಹೋಗ್ತದ’ ಅನ್ನುವ ಭಯ, ಎಲ್ಲ ಅದರೊಳಗೇ. (ಈ ಧಾತುವಿನ ಭಯಕ್ಕೆ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಆಯುರ್ವೇದದ ಏಳು ಧಾತುಗಳಲ್ಲಿ ಕೊನೆಯದು ಶುಕ್ರ. ಅದು ಸೋರಿದರೆ ಮೈಯ ಶಕ್ತಿಯೇ ಸೋರಿತು ಅನ್ನುವ ನಂಬಿಕೆ ಅದು. ಶೀಘ್ರಸ್ಖಲನ ಬೇರೆ.)

ಪದ ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ಅಕ್ಕಿ ಗಿರಣಿಯಲ್ಲಿ ದುಡಿಯುವ ಹುಡುಗನೊಬ್ಬ ‘ನರದ ವೀಕ್ನೆಸ್ ಅದರಿ ಸರ್’ ಅಂದ. ಬಿ ಕಾಂಪ್ಲೆಕ್ಸ್ ಮಾತ್ರೆ ಸಿಕ್ಕಿತು. ಮೂರನೇ ಸಲ ಬಂದವನು ತಲೆ ತಗ್ಗಿಸಿ, ‘ಜಲ್ದಿ ಆಗಿಬಿಡ್ತದರಿ, ಆಕಿಗಿ ಮುಖ ತೋರ್ಸಾಕ ಆಗವಲ್ದು’ ಅಂದ. ಸರಿಯಾದ ಚಿಕಿತ್ಸೆ ಶುರುವಾದದ್ದು ಆ ಮಾತಿನಿಂದ.

ಹಾಗಾಗಿ ತಲೆಬರಹಕ್ಕೆ ‘ಬೇಗ ಆಗಿಬಿಡುತ್ತದೆಯೆ?’ ಅಂತಲೇ ಇಡುವ ಮನಸ್ಸು. ಆದರೆ ‘ಬೇಗ’ ಅಂದರೆ ಎಷ್ಟು ಅನ್ನುವುದನ್ನು ಒಳಗೆ ಹೇಳಲೇಬೇಕು. ವೈದ್ಯರ ಅಳತೆ ಹೀಗಿದೆ: ಮೊದಲ ಅನುಭವದಿಂದಲೂ, ಒಳಸೇರಿದ ಸುಮಾರು 1 ನಿಮಿಷದೊಳಗೇ ಆಗುವುದು, ಇಲ್ಲವೆ ಮೊದಲು ಸರಿಯಿದ್ದು ಆಮೇಲೆ ಸುಮಾರು 3 ನಿಮಿಷಕ್ಕೋ ಅದಕ್ಕಿಂತ ಕಡಿಮೆಗೋ ಇಳಿಯುವುದು. ತಡೆಯಲು ಆಗದಿರಬೇಕು, ಹೆಚ್ಚುಕಡಿಮೆ ಪ್ರತಿ ಸಲವೂ ಹಾಗೇ ಆಗಬೇಕು, ಅದರಿಂದ ಮನಸ್ಸು ನೊಂದಿರಬೇಕು. 6 ತಿಂಗಳಾದರೂ ಹೀಗೇ ಇದ್ದರೆ ಕಾಯಿಲೆ ಎಂದು ಎಣಿಸುತ್ತಾರೆ. ಮದುವೆಯ ಹೊಸತರಲ್ಲಿ, ಗುಳೆ ಹೋಗಿ ತಿಂಗಳುಗಟ್ಟಲೆ ಬಿಟ್ಟು ಬಂದಾಗ ಒಂದೆರಡು ಸಲ ಹೀಗಾದರೆ ಹೆದರಬೇಕಿಲ್ಲ.

ಈ ಎರಡು ಬಗೆಗಳ ಹೆಸರಲ್ಲೂ ತೊಡಕಿದೆ. ಕರಡೊಂದರಲ್ಲಿ ಮೊದಲನೆಯದನ್ನು ‘ಜನ್ಮಜಾತ’ ಎಂದು ಬರೆದಿದ್ದರು. ಓದಿದವನು ಇನ್ನು ವಾಸಿಯಾಗುವುದೇ ಇಲ್ಲ ಅಂದುಕೊಳ್ಳುತ್ತಾನೆ. ‘ಮೊದಲಿನಿಂದ ಇರುವುದು’, ‘ನಡುವೆ ಬಂದದ್ದು’ ಸಾಕಲ್ಲವೆ? ನಡುವೆ ಬಂದದ್ದರ ಹಿಂದೆ ಥೈರಾಯ್ಡ್ ಹೆಚ್ಚಿರುವುದು, ಪ್ರಾಸ್ಟೇಟ್ ಗ್ರಂಥಿಯ ಉರಿಯೂತ, ನಿಮಿರುವಿಕೆಯ ತೊಂದರೆ ಇರಬಹುದು. ಅಂಥವರು ತಡಮಾಡದೆ ತೋರಿಸಬೇಕು. ಮೂತ್ರ ಉರಿ ಇದ್ದರೂ, ಹೆಂಡತಿಯ ಹತ್ತಿರ ಹೋಗುವುದನ್ನೇ ತಪ್ಪಿಸುವಂತಾಗಿದ್ದರೂ ಅಷ್ಟೇ. ನಡುನಡುವೆ ನಿಲ್ಲಿಸಿ ಮತ್ತೆ ಶುರುಮಾಡುವ ಅಭ್ಯಾಸ, ಸ್ಪರ್ಶ ಮಂದ ಮಾಡುವ ಮುಲಾಮು, ವೈದ್ಯರೇ ಬರೆದುಕೊಡಬೇಕಾದ ಮಾತ್ರೆ, ಹೀಗೆ ದಾರಿಗಳಿವೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ.

ನನಗೆ ಗೊತ್ತಿರುವುದು ಗಂಡಸರ ಮಾತು ಮಾತ್ರ. ಹೆಂಡತಿಯಾದವಳು ಇದನ್ನು ಅಕ್ಕನಿಗೋ ಆಶಾ ಕಾರ್ಯಕರ್ತೆಗೋ ಹೇಳುವಾಗ ಏನಂತಾಳೆ? ಗಂಗಾವತಿ, ಮಾನ್ವಿ, ಸಿರುಗುಪ್ಪ ಕಡೆಯ ಅಕ್ಕಂದಿರು ದಯವಿಟ್ಟು ತಿಳಿಸಿ. ಕರಪತ್ರದಲ್ಲಿ ಆ ಮಾತೂ ಇರಬೇಕು.