ಸಹಾಯ ಬೇಕು: ಓದುವವರ ರುಚಿಗೆ ತಕ್ಕ ಪುಸ್ತಕ ಹುಡುಕಿ ಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಸಣ್ಣ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಕನ್ನಡ, ಮಲಯಾಳ ಎರಡೂ ಪುಸ್ತಕಗಳಿವೆ.

ಮೊನ್ನೆ ಬೀಡಿ ಕಟ್ಟುವ ಅಕ್ಕ ಒಬ್ಬರು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಎರಡೇ ದಿನದಲ್ಲಿ ಓದಿ ತಂದರು. "ಇದೇ ತರದ್ದು ಇನ್ನೊಂದು ಉಂಟಾ?" ಎಂದು ಕೇಳಿದರು. ಹೊಳೆ ಬದಿಯ ಊರಿನದೇ ಇನ್ನೊಂದು ಕಾದಂಬರಿ ಕೊಟ್ಟೆ. ಹತ್ತನೇ ಪುಟದಲ್ಲಿ ಬಸ್ ಟಿಕೆಟ್ ಇಟ್ಟಿದ್ದು ಹಾಗೇ ವಾಪಸ್ ಬಂತು. ವಿಚಾರಿಸಿದರೆ, ಮೊದಲ ಕಾದಂಬರಿಯಲ್ಲಿ ಅವರಿಗೆ ಹಿಡಿಸಿದ್ದು ಹೊಳೆಯಲ್ಲ, ಅಪ್ಪನ ಹಟಕ್ಕೆ ಸಿಕ್ಕಿದ ನಾಯಕಿ ನಾದಿರಾಳ ಸಂಕಟ. ನಾನು ಮೊದಲೇ ಕೇಳಬೇಕಿತ್ತು ಅಲ್ವಾ?

ಈಗ ಎಲ್ಲರಲ್ಲೂ ಕೇಳುತ್ತೇನೆ, ಕೊನೆಯದಾಗಿ ಇಷ್ಟವಾದ ಪುಸ್ತಕ ಯಾವುದು, ಅದರಲ್ಲಿ ಏನು ಹಿಡಿಸಿತು ಅಂತ. ದೊಡ್ಡವರು ಹೇಳುತ್ತಾರೆ. ಕಷ್ಟ ಜಾಸ್ತಿ ಇರುವುದು ಮಲಯಾಳ ಮಾಧ್ಯಮದಲ್ಲಿ ಕಲಿಯುವ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳದ್ದು. ಮನೆಯಲ್ಲಿ ಕನ್ನಡವೇ ಮಾತು, ಆದರೆ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾರೆ. ಚಿತ್ರದ ಪುಸ್ತಕ ಕೊಟ್ಟರೆ ಗೆಳೆಯರ ಎದುರು ನಾಚಿಕೆ. ದಪ್ಪ ಕಾದಂಬರಿ ಅವರಿಂದ ಆಗುವುದಿಲ್ಲ.

ಈ ವಯಸ್ಸಿನವರಿಗೆ ಸಣ್ಣ ವಾಕ್ಯದ, ಬೇಗ ಓಡುವ ಕನ್ನಡ ಪುಸ್ತಕ ಯಾವುದು ಕೊಟ್ಟು ಗೆದ್ದಿದ್ದೀರಿ? ಯಾರಿಗೆ ಏನು ಹಿಡಿಸಿತು ಅಂತ ಬರೆದಿಡುವ ಕ್ರಮ ನಿಮ್ಮಲ್ಲಿ ಇದ್ದರೆ ಅದನ್ನೂ ದಯವಿಟ್ಟು ಹೇಳಿ.